ಲಾವೊಕೊನ್ ಶಿಲ್ಪ: ಒಂದು ತೋಳಿನ ಚರಿತ್ರೆ

ಯುರೋಪಿನ ಕಲಾಭಿರುಚಿ ಕಾಲದಿಂದ ಕಾಲಕ್ಕೆ ಬದಲಾದ ಬಗೆಯನ್ನು ವ್ಯಾಟಿಕನ್ ವಸ್ತುಸಂಗ್ರಹಾಲಯದ ಲಾವೊಕೊನ್ ಶಿಲ್ಪದಷ್ಟು ಸ್ಪಷ್ಟವಾಗಿ ತೋರಿಸುವ ಕೃತಿಗಳು ವಿರಳ. ಗ್ರೀಕರು ಬಿಟ್ಟುಹೋದ ಮರದ ಕುದುರೆಯನ್ನು ನಂಬಬೇಡಿರೆಂದು ಟ್ರಾಯ್ ನಗರದ ಜನರನ್ನು ಎಚ್ಚರಿಸಿದ ಪುರೋಹಿತನೇ ಲಾವೊಕೊನ್. ಅವನನ್ನೂ ಅವನ ಇಬ್ಬರು ಮಕ್ಕಳನ್ನೂ ಕಡಲಿನಿಂದ ಬಂದ ಎರಡು ಸರ್ಪಗಳು ಸುತ್ತಿಕೊಂಡ ಕಥೆಯನ್ನು ರೋಮನ್ ಕವಿ ವರ್ಜಿಲ್ ‘ಈನಿಯಡ್’ ಮಹಾಕಾವ್ಯದಲ್ಲಿ ನಿರೂಪಿಸಿದ್ದಾನೆ. ಕ್ರಿ.ಶ. 1ನೆಯ ಶತಮಾನದ ವಿದ್ವಾಂಸ ಪ್ಲಿನಿ, ರೋಮನ್ ಚಕ್ರವರ್ತಿ ಟೈಟಸ್‌ನ ಅರಮನೆಯಲ್ಲಿದ್ದ ಲಾವೊಕೊನ್ ಶಿಲ್ಪವನ್ನು ಎಲ್ಲ ಚಿತ್ರ, ಶಿಲ್ಪಗಳಿಗಿಂತ ಮಿಗಿಲೆಂದು ಹೊಗಳಿ, ರೋಡ್ಸ್ ದ್ವೀಪದ ಮೂವರು ಶಿಲ್ಪಿಗಳು ಅದನ್ನು ಕಡೆದರೆಂದು ದಾಖಲಿಸಿದ.

1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿತೋಟದ ನೆಲದಡಿಯಲ್ಲಿ ಈ ಅಮೃತಶಿಲೆಯ ಶಿಲ್ಪ ದೊರೆತಾಗ, ಪೋಪ್ ಎರಡನೆಯ ಜೂಲಿಯಸ್ ಕಳುಹಿಸಿದ ವಾಸ್ತುಶಿಲ್ಪಿ ಜೂಲಿಯಾನೊ ದ ಸಂಗಾಲ್ಲೊ ಅದನ್ನು ಕಂಡೊಡನೆ ಪ್ಲಿನಿ ಹೇಳಿದ ಲಾವೊಕೊನ್ ಇದೇ ಎಂದು ಗುರುತಿಸಿದ. ಅವನ ಜೊತೆಯಲ್ಲಿ ಮೈಕೆಲೆಂಜೆಲೊ ಕೂಡ ಇದ್ದ. ಪೋಪ್ ಅದನ್ನು ಕೊಂಡು ವ್ಯಾಟಿಕನ್ನಿನ ಬೆಲ್ವೆಡೇರ್ ಅಂಗಳದಲ್ಲಿ ನಿಲ್ಲಿಸಿದ. ಪ್ರಾಚೀನ ಗ್ರೀಕ್ ಮತ್ತು ರೋಮನ್ ಆದರ್ಶಗಳನ್ನು ಮತ್ತೆ ಹುಡುಕಿಕೊಳ್ಳುತ್ತಿದ್ದ ರೆನೆಸಾನ್ಸ್ ಎಂಬ ಆ ಪುನರುಜ್ಜೀವನ ಯುಗದ ಕಲಾವಿದರಿಗೆ ಅಲ್ಲೊಂದು ಪಾಠಶಾಲೆಯೇ ತೆರೆದಂತಾಯಿತು. ಉಬ್ಬಿದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ಸೊಂಟಕ್ಕೆ ಬಾಯಿಟ್ಟ ಸರ್ಪ, ಗಂಟಿಕ್ಕಿದ ಹುಬ್ಬಿನ ಕೆಳಗೆ ಅರೆತೆರೆದ ಬಾಯಿ, ಪಾದದ ಸುರುಳಿಯನ್ನು ಬಿಡಿಸಿಕೊಳ್ಳುತ್ತಲೇ ತಂದೆಯತ್ತ ತಿರುಗಿದ ಮಗ, ಇವೆಲ್ಲವೂ ನೋವನ್ನು ಮೈಯ ಮೂಲಕವೇ ಹೇಳುವ ವಿಧಾನವನ್ನು ಅವರಿಗೆ ಕಲಿಸಿದವು.

ಆದರೆ ಲಾವೊಕೊನ್‌ನ ಬಲತೋಳು ಸಿಕ್ಕಿರಲಿಲ್ಲ. ಅದು ಹಿಂದಕ್ಕೆ ಮಡಿಚಿದ್ದಿರಬೇಕೆಂಬುದು ಮೈಕೆಲೆಂಜೆಲೊನ ಅಭಿಪ್ರಾಯವಾಗಿತ್ತೆಂಬ ಪ್ರತೀತಿಯಿದೆ. ಆದರೂ 1530ರ ದಶಕದಲ್ಲಿ ಶಿಲ್ಪಿ ಮೊಂತೊರ್ಸೊಲಿ ಜೋಡಿಸಿದ್ದು ಆಕಾಶದತ್ತ ನೇರವಾಗಿ ಚಾಚಿದ ತೋಳನ್ನು. ಸರ್ಪದೊಡನೆ ಸೆಣಸುತ್ತ, ಇನ್ನೂ ಸೋಲದೆ ನಿಂತಿರುವ ವೀರನನ್ನು ಆ ಭಂಗಿ ಕಾಣಿಸಿತು. ಅಚ್ಚುಪ್ರತಿಗಳೂ ಮುದ್ರಿತ ಚಿತ್ರಗಳೂ ಆ ರೂಪವನ್ನೇ ಯುರೋಪಿನಾದ್ಯಂತ ಹರಡಿದವು.

18ನೆಯ ಶತಮಾನದ ಜರ್ಮನ್ ಚಿಂತನೆ ಬೆಳೆದದ್ದೂ ಈ ರೂಪದ ಸುತ್ತಲೇ. 1755ರಲ್ಲಿ, ರೋಮನ್ನು ಕಾಣುವ ಮೊದಲೇ ಪ್ರಕಟಿಸಿದ ಪುಸ್ತಿಕೆಯಲ್ಲಿ ಕಲಾ ಇತಿಹಾಸಕಾರ ವಿಂಕೆಲ್ಮನ್, ವರ್ಜಿಲನ ಲಾವೊಕೊನ್ ಅರಚಿದರೂ ಶಿಲ್ಪದ ಲಾವೊಕೊನ್ ಅರಚುವುದಿಲ್ಲವೆಂಬುದನ್ನು ಗಮನಿಸಿ, ಯಾತನೆಯ ನಡುವೆಯೂ ಕದಡದ ಆತ್ಮದ ಘನತೆಯನ್ನು ಅದರಲ್ಲಿ ಕಂಡ. 1766ರಲ್ಲಿ ನಾಟಕಕಾರ, ವಿಮರ್ಶಕ ಲೆಸಿಂಗ್ ಇದಕ್ಕೆ ಬೇರೆ ಕಾರಣ ಕೊಟ್ಟ: ಗ್ರೀಕ್ ಕಾವ್ಯದ ವೀರರೂ ನೋವಿಗೆ ಅರಚುತ್ತಾರೆ, ಆದರೆ ಕಾವ್ಯ ಕಾಲದಲ್ಲಿ ಸಾಗುವ ಕಲೆಯಾದ್ದರಿಂದ ಅದರಲ್ಲಿ ಚೀತ್ಕಾರ ಬಂದು ಹೋಗುತ್ತದೆ, ಒಂದೇ ಕ್ಷಣವನ್ನು ಹಿಡಿದಿಡುವ ಶಿಲ್ಪದಲ್ಲಿಯಾದರೋ ಬಿರಿದ ಬಾಯಿ ಶಾಶ್ವತ ವಿಕಾರವಾಗಿ ಉಳಿಯುತ್ತದೆ.

1798ರಲ್ಲಿ ಫ್ರೆಂಚರು ಯುದ್ಧದ ಕೊಳ್ಳೆಯಾಗಿ ಪ್ಯಾರಿಸ್ಸಿಗೆ ಮೆರವಣಿಗೆಯಲ್ಲಿ ತಂದ ಈ ಶಿಲ್ಪ ನೆಪೋಲಿಯನ್ನನ ಪತನದ ನಂತರವಷ್ಟೇ ರೋಮಿಗೆ ಮರಳಿತು. 20ನೆಯ ಶತಮಾನದ ಆರಂಭದಲ್ಲಿ ಪುರಾತತ್ತ್ವಜ್ಞ ಲುಡ್ವಿಗ್ ಪೊಲ್ಲಾಕ್‌ಗೆ ರೋಮಿನ ಕಲ್ಲುಕುಟಿಗನ ಅಂಗಳವೊಂದರಲ್ಲಿ ಮಡಿಚಿದ ತೋಳಿನ ತುಂಡು ದೊರೆಯಿತು. ಅದು ಮೂಲ ಶಿಲ್ಪದ್ದೇ ಎಂಬ ನಿರ್ಣಯದೊಡನೆ, 1950ರ ದಶಕದ ಕೊನೆಯಲ್ಲಿ ಹಳೆಯ ಜೋಡಣೆಯನ್ನು ಕಳಚಿ ಅದನ್ನು ಸೇರಿಸಲಾಯಿತು. ಹೊರಕ್ಕೆ ಚಿಮ್ಮುತ್ತಿದ್ದ ಬಲ ಈಗ ತಲೆಯ ಹಿಂದಕ್ಕೆ ಬಾಗಿ ಮೈಯೊಳಕ್ಕೇ ಮರಳುತ್ತದೆ. ವೀರನ ಪ್ರತಿರೋಧಕ್ಕಿಂತ ಸಿಕ್ಕಿಬಿದ್ದವನ ಸಂಕಟವೇ ಮುಂದಾಗುತ್ತದೆ.

ಆದ್ದರಿಂದ ವಿಂಕೆಲ್ಮನ್ ಮತ್ತು ಲೆಸಿಂಗರ ಬರಹಗಳನ್ನು ಇಂದಿನ ಶಿಲ್ಪದ ಎದುರು ಇಟ್ಟು ಓದುವವರು, ಅವರ ಕಾಲಕ್ಕೆ ಕಾಣುತ್ತಿದ್ದ ಎತ್ತಿದ ತೋಳನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಕಳಚಿದ ಜೋಡಣೆಗಳು ತಪ್ಪೆಂದು ಮರೆಯತಕ್ಕವಲ್ಲ. ಒಂದು ಯುಗ ಪ್ರಾಚೀನರಿಂದ ಏನನ್ನು ಬಯಸಿತ್ತು ಎಂಬುದಕ್ಕೆ ಅವು ಗ್ರಂಥಗಳಷ್ಟೇ ಗಟ್ಟಿಯಾದ ಸಾಕ್ಷಿ.