ಗೋಧಿಯಲ್ಲಿ ಬಾಳಿಕೆಯ ತುಕ್ಕುರೋಗ ನಿರೋಧಕತೆ

ರೋಗಕ್ಕೆ ಹಿತವಾದ ಹವೆಯಲ್ಲಿ, ವಿಶಾಲ ಪ್ರದೇಶದಲ್ಲಿ ಬಹುಕಾಲ ಬೆಳೆದ ಮೇಲೂ ತಳಿಯೊಂದು ಉಳಿಸಿಕೊಳ್ಳುವ ರೋಗನಿರೋಧಕ ಶಕ್ತಿಗೆ ಬಾಳಿಕೆಯ ನಿರೋಧಕತೆ ಎಂದು ಹೆಸರು. ಈ ವ್ಯಾಖ್ಯೆಯನ್ನು ಕೊಟ್ಟವರು ಕೇಂಬ್ರಿಜ್‌ನ ರಾಯ್ ಜಾನ್ಸನ್. ತಳಿ ಹೊಲದಲ್ಲಿ ದೀರ್ಘಕಾಲ ಬೆಳೆದ ಮೇಲೆಯೇ ಈ ಗುಣ ದೃಢಪಡುತ್ತದೆ.

ತುಕ್ಕುರೋಗವನ್ನು ಉತ್ತರ ಕರ್ನಾಟಕದಲ್ಲಿ ಭಂಡಾರ ರೋಗ ಎನ್ನುತ್ತಾರೆ. ಪಕ್ಸೀನಿಯ ಕುಲದ ಶಿಲೀಂಧ್ರಗಳಿಂದ ಬರುವ ಇದರಲ್ಲಿ ಕಾಂಡ, ಎಲೆ ಮತ್ತು ಹಳದಿ ತುಕ್ಕು ಎಂಬ ಮೂರು ಬಗೆಗಳಿವೆ. ಹಳದಿ ತುಕ್ಕಿನ ನಿರೋಧಕತೆ ಮೆಂಡೆಲನ ನಿಯಮದಂತೆ ಸಂತತಿಗೆ ಇಳಿಯುತ್ತದೆಂದು ರೋಲಂಡ್ ಬಿಫೆನ್ 1905ರಲ್ಲಿ ತೋರಿಸಿದರು.

ಒಂಟಿ ವಂಶವಾಹಿಯ ಮಿತಿ: ಪ್ರಬಲ ನಿರೋಧಕ ವಂಶವಾಹಿಗಳು ಸಾಮಾನ್ಯವಾಗಿ ಶಿಲೀಂಧ್ರದ ಒಂದು ಪ್ರೋಟೀನನ್ನು ಗುರುತಿಸಿ, ಸೋಂಕು ತಗುಲಿದ ಕೋಶವನ್ನೇ ಸಾಯಿಸುತ್ತವೆ. ಆ ಪ್ರೋಟೀನು ಬದಲಾದರೆ ರೋಗಕ್ಕೆ ದಾರಿ ತೆರೆಯುತ್ತದೆ. ರೈ ಧಾನ್ಯದಿಂದ ಬಂದ ಎಸ್‌ಆರ್ 31 ವಂಶವಾಹಿ ಹಲವು ದೇಶಗಳ ಗೋಧಿಯನ್ನು ದಶಕಗಳ ಕಾಲ ಕಾಂಡ ತುಕ್ಕಿನಿಂದ ಕಾಪಾಡಿತು. ಉಗಾಂಡದಲ್ಲಿ 1998ರಲ್ಲಿ ಕಂಡ ಕಾಂಡ ತುಕ್ಕಿನ ಯುಜಿ 99 ಪ್ರಭೇದ ಆ ರಕ್ಷಣೆಯನ್ನು ಮುರಿಯಿತು.

ನಿಧಾನ ತುಕ್ಕು: ಕೆಲವು ವಂಶವಾಹಿಗಳು ರೋಗವನ್ನು ಪೂರ್ತಿ ತಡೆಯುವುದಿಲ್ಲ. ಬೊಕ್ಕೆಗಳು ತಡವಾಗಿ, ಕಡಿಮೆ ಸಂಖ್ಯೆಯಲ್ಲಿ ಏಳುತ್ತವೆ; ಬೀಜಕಣಗಳೂ ಕಡಿಮೆ. 1920ರ ದಶಕದಲ್ಲಿ ಅಮೆರಿಕದ ಎಡ್ಗರ್ ಮೆಕ್‌ಫ್ಯಾಡನ್ ಎಮ್ಮರ್ ಗೋಧಿಯಿಂದ ಸಾಮಾನ್ಯ ಗೋಧಿಗೆ ತಂದ ಎಸ್‌ಆರ್ 2 ಈ ಬಗೆಯದು. ಅದಿರುವ ಗಿಡದ ತೆನೆಯ ಹೊಟ್ಟಿನ ಮೇಲೆ ಕಪ್ಪು ಛಾಯೆ ಕಾಣಿಸುವುದರಿಂದ ಆಯ್ಕೆ ಸುಲಭ. ಎಲ್‌ಆರ್ 34 ಮೂರೂ ತುಕ್ಕುಗಳನ್ನೂ ಬೂದಿರೋಗವನ್ನೂ ನಿಧಾನಗೊಳಿಸುತ್ತದೆ. ಬೆಳೆದ ಗಿಡದ ಎಲೆತುದಿ ಒಣಗುವುದು ಅದರ ಗುರುತು. 2009ರಲ್ಲಿ ಈ ವಂಶವಾಹಿಯನ್ನು ಬೇರ್ಪಡಿಸಿದಾಗ, ಅದು ಕೋಶದ ಸಾಗಣೆ ಪ್ರೋಟೀನೊಂದನ್ನು ರೂಪಿಸುತ್ತದೆಂದು ತಿಳಿಯಿತು.

ಇಂಥ ಒಂದೇ ವಂಶವಾಹಿಯ ಬಲ, ರೋಗ ಜೋರಾದಾಗ ಸಾಲದು. ನಾಲ್ಕೈದನ್ನು ಒಂದೇ ತಳಿಯಲ್ಲಿ ಕೂಡಿಸಿದರೆ ರಕ್ಷಣೆ ಪೂರ್ಣಪ್ರಾಯವಾಗುತ್ತದೆ. ಮೆಕ್ಸಿಕೊದ ಅಂತರರಾಷ್ಟ್ರೀಯ ಗೋಧಿ ಮತ್ತು ಮೆಕ್ಕೆಜೋಳ ಕೇಂದ್ರ ಅನುಸರಿಸುವ ದಾರಿ ಇದು. ಅದರ ಸಾಲುಗಳನ್ನು ಕೀನ್ಯದ ನ್ಜೋರೊದಲ್ಲಿ ಯುಜಿ 99ಕ್ಕೆ ಒಡ್ಡಿ ಪರೀಕ್ಷಿಸಲಾಗುತ್ತದೆ.

ಭಾರತದಲ್ಲಿ: ಬಯಲುಸೀಮೆಯ ಬೇಸಿಗೆಯಲ್ಲಿ ತುಕ್ಕು ಉಳಿಯದು, ಬೆಟ್ಟಗಳಲ್ಲಿ ಉಳಿದು ಮರಳುತ್ತದೆಂದು ಕೆ.ಸಿ. ಮೆಹ್ತಾ ತೋರಿಸಿಕೊಟ್ಟರು. ಕಾಂಡ ತುಕ್ಕಿನ ಮೂಲ ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಅಲ್ಲಿಂದ ಬೀಜಕಣಗಳು ಗಾಳಿಯಲ್ಲಿ ಕರ್ನಾಟಕದ ಮೂಲಕ ಉತ್ತರಕ್ಕೆ ಸಾಗುತ್ತವೆ. ಆದ್ದರಿಂದ ಧಾರವಾಡ, ಬೆಳಗಾವಿ ಸೀಮೆಯಲ್ಲಿ ನಿರೋಧಕ ತಳಿ ಬಿತ್ತುವುದು ಮಧ್ಯಭಾರತದ ಗೋಧಿಗೂ ರಕ್ಷಣೆ.