ಜಗಳದ ನೆಪ, ಊರಿನ ಶಿಕ್ಷೆ

ದಲಿತರ ಮೇಲೆ ಹಲ್ಲೆಯಾದ ಸುದ್ದಿ ಬಂದಾಗಲೆಲ್ಲ ಜಗಳ ಯಾತಕ್ಕೆ ಹತ್ತಿತು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಉತ್ತರ ಸಾಮಾನ್ಯವಾಗಿ ಕ್ಷುಲ್ಲಕ. 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದದ್ದು ಸಿನಿಮಾ ಟಿಕೆಟ್ಟಿನ ಗಲಾಟೆಯ ಬೆನ್ನಿಗೆ. ಮೊದಲು ಮುದ್ದೇಬಿಹಾಳಕ್ಕೆ ಸೇರಿದ್ದ ತಾಳಿಕೋಟೆ ಭಾಗದ ಮಿಣಜಗಿಯಲ್ಲಿ 2020ರಲ್ಲಿ ದಲಿತನೊಬ್ಬನನ್ನು ಬಟ್ಟೆ ಬಿಚ್ಚಿ ಹೊಡೆದದ್ದು ಮೇಲ್ಜಾತಿಯವನ ಬೈಕ್ ಮುಟ್ಟಿದ್ದಕ್ಕೆ ಎಂದು ದೂರು. ಟಿಕೆಟ್ಟಾಗಲಿ ಬೈಕಾಗಲಿ ಅಷ್ಟು ದೊಡ್ಡ ಸಿಟ್ಟಿಗೆ ಕಾರಣವಾಗಲಾರದು. ಇಂಥ ಹಿಂಸೆ ಯಾರದೋ ಎದೆಯಲ್ಲಿ ಹುಟ್ಟಿದ ದ್ವೇಷಕ್ಕಿಂತ ಹೆಚ್ಚಾಗಿ, ಗೆರೆ ದಾಟಿದವರಿಗೆ ಊರು ವಿಧಿಸುವ ಶಿಕ್ಷೆ. ಹಾಗೆ ಓದಲು ನಮ್ಮ ಕಾನೂನು ನಿಧಾನಕ್ಕೆ ಕಲಿಯಿತು. ಈಗ ಮತ್ತೆ ಹಿಂದಕ್ಕೆ ಸರಿಯುತ್ತಿದೆ ಎಂಬುದು ನನ್ನ ವಾದ.

ಇಂಥ ಹಿಂಸೆ ಗೆರೆ ದಾಟಿದ್ದಕ್ಕೆ ಕೊಡುವ ಶಿಕ್ಷೆ ಎಂಬುದು ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿಯ ಸೀಮೆಗೆ ಹೊಸ ತಿಳಿವಳಿಕೆಯಲ್ಲ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣದಲ್ಲಿ, ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಅಲ್ಲಿ ದಂಡಿಸಿದ್ದು ಪ್ರಭುತ್ವವೇ.  ಗಣರಾಜ್ಯದ ಕಾನೂನು ಮಾತ್ರ ಇಂಥ ಹಿಂಸೆಯನ್ನು ಮೊದಲು ಕೆಟ್ಟ ರೂಢಿಯೆಂದು ಕಂಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ವಿಧಿಸಿದ್ದು ಹೆಚ್ಚೆಂದರೆ ಆರು ತಿಂಗಳ ಸಜೆ, 500 ರೂಪಾಯಿ ದಂಡ. ಎಪ್ಪತ್ತರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಒಂದೊಂದು ಹಲ್ಲೆಯನ್ನೂ ಬೀದಿಗೆ ತಂದು, ಇದು ರೂಢಿಯಲ್ಲ, ದೌರ್ಜನ್ಯ ಎಂದು ಹಟ ಹಿಡಿಯಿತು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಲಾಯಿತು. ಎರಡು ವರ್ಷದ ನಂತರ ಬಂದ ದೌರ್ಜನ್ಯ ತಡೆ ಕಾಯ್ದೆಯ ಪಟ್ಟಿಯಲ್ಲಿ, ತಿನ್ನಬಾರದ್ದನ್ನು ಬಲವಂತವಾಗಿ ತಿನ್ನಿಸುವುದೇ ಮೊದಲ ಅಪರಾಧ.

ಆ ಕಾಯ್ದೆಯಲ್ಲೂ ಒಂದು ತೊಡಕಿತ್ತು. ಗಂಭೀರ ಅಪರಾಧಗಳಲ್ಲಿ, ಬಲಿಯಾದವರು ಪರಿಶಿಷ್ಟರು ಎಂಬ ಕಾರಣಕ್ಕಾಗಿಯೇ ಕೃತ್ಯ ನಡೆಯಿತೆಂದು ತೋರಿಸಬೇಕಿತ್ತು. ಆರೋಪಿಯ ಮನಸ್ಸಿನೊಳಗೆ ಇಳಿದು ನೋಡಿದವರಾರು? 2015ರ ತಿದ್ದುಪಡಿ, ಪರಿಶಿಷ್ಟರೆಂದು ಗೊತ್ತಿದ್ದೂ ಎಸಗಿದರೆ ಸಾಕು ಎಂದಿತು. ಸಾಮಾಜಿಕ ಬಹಿಷ್ಕಾರವನ್ನೂ ಅಪರಾಧಗಳ ಸಾಲಿಗೆ ಸೇರಿಸಿತು. ಈ ಕಾಯ್ದೆ ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ಹಳೆಯದು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಬಂಧನಕ್ಕೆ ಕಟ್ಟುಪಾಡು ಹಾಕಿತು; ಸಂಸತ್ತು ಅದೇ ವರ್ಷ ಅದನ್ನು ತೆಗೆದುಹಾಕಿತು, ಮರುವರ್ಷ ಕೋರ್ಟೇ ಆ ನಿರ್ದೇಶನಗಳನ್ನು ಹಿಂಪಡೆಯಿತು. ಸುಳ್ಳು ದೂರುಗಳು ಇಲ್ಲವೆಂದಲ್ಲ. ಆದರೆ ಖುಲಾಸೆಯಾದ ಪ್ರಕರಣಗಳನ್ನೆಲ್ಲ ಆ ಲೆಕ್ಕಕ್ಕೆ ಹಾಕುವವರು ಕಂಬಾಲಪಲ್ಲಿಯನ್ನು ನೆನೆಯಬೇಕು. 2000ದ ಮಾರ್ಚ್‌ನಲ್ಲಿ ಅಲ್ಲಿ ಏಳು ದಲಿತರನ್ನು ಸುಟ್ಟರು. 2006ರಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳೆಲ್ಲ ಬಿಡುಗಡೆಯಾದರು. ಹೆಣಗಳು ಸುಳ್ಳಾಗಿರಲಿಲ್ಲ. ಮರಕುಂಬಿಯಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಬಹುತೇಕರಿಗೆ ಜಾಮೀನು ಕೊಟ್ಟಿತು.

ನನ್ನ ವಾದಕ್ಕೆ ಸರಿಯಾಗಿ ಒಗ್ಗದ ಪ್ರಕರಣವೂ ಮಿಣಜಗಿಯಿರುವ ಜಿಲ್ಲೆಯಲ್ಲೇ ಇದೆ. 2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ್ ಕಚೇರಿಯಲ್ಲಿ ಪಾಕಿಸ್ತಾನದ ಬಾವುಟ ಹಾರಿತು, ಊರು ಕುದಿಯಿತು. ಕೋಮು ಗಲಭೆ ಎಬ್ಬಿಸಲು ಹಾರಿಸಿದರೆಂದು ಪೊಲೀಸರು ಬಂಧಿಸಿದ್ದು ಆರು ಹಿಂದೂ ಯುವಕರನ್ನು. ಆ ಆರೋಪದಲ್ಲಿ ಗೆರೆ ದಾಟಿದವರೇ ಇಲ್ಲ. ದಾಟಿದಂತೆ ತೋರಿಸುವ ಹೂಟವಿದೆ. ಆದರೂ, ಶಿಕ್ಷಿಸಲು ಕಾದಿರುವ ಜನ ಇದ್ದೇ ಇರುತ್ತಾರೆಂಬ ಭರವಸೆಯಿಲ್ಲದೆ ಅಂಥ ಹೂಟ ನಡೆಯದು.

ಶಿಕ್ಷಿಸುವವರು ಊರಿನ ಬದಲು ಮನೆಯವರೇ ಆದಾಗ ಕಾನೂನು ಹೊಸ್ತಿಲಲ್ಲೇ ಎಡವುತ್ತದೆ. 2017ರಲ್ಲಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ದಲಿತನನ್ನು ಮದುವೆಯಾದ ಗರ್ಭಿಣಿ ಮುಸ್ಲಿಂ ಯುವತಿಯನ್ನು ತವರಿನವರೇ ಸುಟ್ಟರು. ಆಕೆ ಪರಿಶಿಷ್ಟಳಲ್ಲ, ಹಾಗಾಗಿ ಕಾರಣ ಜಾತಿಯೇ ಆದರೂ ದೌರ್ಜನ್ಯ ಕಾಯ್ದೆಯ ಕಣ್ಣಿಗೆ ಆಕೆಯ ಸಾವು ಬೀಳುವುದಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2) ಈ ಕೊರತೆ ತುಂಬಬಹುದಿತ್ತು. ಅದು ಜಾತಿ, ಸಮುದಾಯ, ಲಿಂಗ, ಭಾಷೆಯ ಕಾರಣಕ್ಕೆ ಗುಂಪು ನಡೆಸುವ ಕೊಲೆಯನ್ನು ಹೆಸರಿಸುತ್ತದೆ, ಧರ್ಮವನ್ನು ಹೆಸರಿಸುವುದಿಲ್ಲ; 2015ರಲ್ಲಿ ಕೈಬಿಟ್ಟ ‘ಕಾರಣ’ದ ಪರೀಕ್ಷೆಯನ್ನೇ ಮತ್ತೆ ಎತ್ತಿಕೊಂಡಿದೆ. ಗುಂಪೆಂದರೆ ಕನಿಷ್ಠ ಐದು ಜನ. ಅಪ್ಪ, ಇಬ್ಬರು ಅಣ್ಣಂದಿರು ಸೇರಿದರೆ ಮೂರೇ ಆಗುತ್ತದೆ. ಸಾಕ್ಷಿ ನುಡಿಯಬೇಕಾದವರೂ ಅದೇ ಮನೆಯವರು.