ಪೋಷಣೆಯಿಂದ ಸ್ವಾವಲಂಬನೆಗೆ

ದಾಸೋಹವು ಶರಣಮಾರ್ಗದ ಮುಖ್ಯಾಂಗವೆಂಬುದು ವಾಚಕರಿಗೆ ಸುವಿದಿತವು. ತಾಯಿತಂದೆಗಳಿಲ್ಲದ ಬಾಲಕನಿಗೆ ಮಠದ ಪಂಕ್ತಿಯಲ್ಲಿ ಎಡೆ ದೊರೆಯುವುದು ನಮ್ಮ ನಾಡಿನಲ್ಲಿ ಹೊಸ ಮಾತಲ್ಲ. ಆದರೆ ಆ ಬಾಲಕನು ಪ್ರಾಯಕ್ಕೆ ಬಂದು ಮಠದ ಹೊಸ್ತಿಲನ್ನು ದಾಟುವ ದಿವಸ ಅವನ ಗತಿಯೇನು? ಸಾಕಿದವರ ಹೊಣೆಯು ಅಂದಿಗೇ ತೀರುವುದೋ? ಈ ಪ್ರಶ್ನೆಗೆ ನಮ್ಮ ಹಂಪೆಯಲ್ಲಿಯೇ ದೊರೆತ ಉತ್ತರವೊಂದನ್ನು ಇಲ್ಲಿ ನಿರೂಪಿಸುವೆವು.

ಹಂಪೆಯ ಹರಿಹರ ಕವಿಯು ಸೋದರಳಿಯನಾದ ರಾಘವಾಂಕನಿಗೆ ಗುರುವಾಗಿದ್ದನು. ಮಾವನು ರಗಳೆಯನ್ನು ಬೆಳೆಯಿಸಿದನು. ಅಳಿಯನು ಷಟ್ಪದಿಯನ್ನು ಹಿಡಿದು ಹರಿಶ್ಚಂದ್ರಕಾವ್ಯವನ್ನು ರಚಿಸಿದನು. ನರನ ಕಥೆಯನ್ನು ಹಾಡಿದನೆಂದು ಗುರುವು ಮುನಿದನೆಂಬ ಐತಿಹ್ಯವುಂಟು. ಬೆಳೆದವನು ತನ್ನದೇ ದಾರಿಯನ್ನು ಹಿಡಿದಾಗ ಅದನ್ನು ಮೆಚ್ಚುವುದು ಬೆಳೆಯಿಸಿದವರಿಗೆ ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುವುದು.

ಇನ್ನು ಈಚಿನ ಕಾಲಕ್ಕೆ ಬರೋಣ. 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು, ಕಾಡಶೆಟ್ಟಿಹಳ್ಳಿಯ ಬಡ ಮನೆಯೊಂದರ ಇಬ್ಬರು ಅಂಧ ಸೋದರರನ್ನು ಕರೆತಂದು ಆಶ್ರಯವಿತ್ತರು. ಕುರುಡರಿಗೆ ಅನ್ನವಿಕ್ಕಿ ಒಂದು ಮೂಲೆಯಲ್ಲಿ ಕೂಡಿಸುವುದೇ ದಯೆಯೆಂದು ಲೋಕವು ಬಗೆದಿದ್ದ ಕಾಲವದು. ಶ್ರೀಗಳವರಾದರೋ ಅವರಿಗೆ ಸಂಗೀತವಿದ್ಯೆಯನ್ನು ಕಲಿಸಿದರು. ಆ ಸೋದರರಲ್ಲಿ ಒಬ್ಬರೇ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪ್ರವೀಣರಾದ ಅವರು, ತಾವು ಪಡೆದುದನ್ನು ಅಂಧರಿಗೂ ಅನಾಥರಿಗೂ ಹಂಚಿದರು. ಊರೂರು ಸಂಚರಿಸುತ್ತಿದ್ದ ಅವರ ಪಾಠಶಾಲೆಯು ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು.

ಅವರ ಆಶ್ರಯದಲ್ಲಿ ಬೆಳೆದವರಲ್ಲಿ ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಒಬ್ಬರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನನ್ನು ಗವಾಯಿಗಳು ಶಿಷ್ಯನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಜರುಗಿತು. ಆ ಮಹಾಸಭೆಯಲ್ಲಿ ತರುಣ ರಾಜಗುರುಗಳು ಬಾಗೇಶ್ರೀ ರಾಗದಲ್ಲಿ ವಚನವನ್ನು ಹಾಡಿದರು. ತಬಲಾ ನುಡಿಸಿದವರು ಯಾರು? ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳೇ! ಶಿಷ್ಯನು ಲೋಕದೆದುರಿಗೆ ಮೊದಲ ಹೆಜ್ಜೆಯಿಡುವಾಗ ಗುರುವು ಮುಂದೆ ನಿಂತು ಅವನನ್ನು ಮರೆಮಾಡಲಿಲ್ಲ, ಮನೆಯಲ್ಲಿ ಉಳಿದು ಒಬ್ಬಂಟಿಯಾಗಿ ಕಳುಹಲೂ ಇಲ್ಲ. ಪಕ್ಕದಲ್ಲಿ ಕುಳಿತು ತಾಳವನ್ನು ಹಿಡಿದನು. ನಮ್ಮ ಪ್ರಶ್ನೆಗೆ ಇದಕ್ಕಿಂತ ಮಿಗಿಲಾದ ಉತ್ತರವಾವುದು?

ಮುಂದೆ ರಾಜಗುರುಗಳು ಮುಂಬಯಿಗೆ ಹೋಗಿ ಸುರೇಶಬಾಬು ಮಾನೆ ಮೊದಲಾದ ಅನ್ಯ ಗುರುಗಳಲ್ಲಿಯೂ ಕಲಿತು, ಭಾರತವೆಲ್ಲ ಬಲ್ಲ ಗಾಯಕರಾಗಿ, 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಅದೇ ಆಶ್ರಯದಲ್ಲಿ ಬೆಳೆದ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಆಶ್ರಮದ ಭಾರವನ್ನು ಹೊತ್ತು, 2010ರ ವರೆಗೆ ಅದನ್ನು ನಡೆಯಿಸಿದರು. ಒಬ್ಬರು ಹೊರಗೆ ಹೋಗಿ ಬೆಳಗಿದರು, ಇನ್ನೊಬ್ಬರು ಒಳಗೆ ನಿಂತು ಬೆಳಗಿದರು, ಎರಡೂ ಸ್ವಾವಲಂಬನೆಯೇ.

ಇಂದು ರಾಜಶಾಸನವೂ ಈ ಹೊಣೆಯನ್ನು ಒಪ್ಪಿರುವುದು. 2015ರ ಬಾಲನ್ಯಾಯ ಅಧಿನಿಯಮದ 46ನೆಯ ಕಲಮಿನ ಮೇರೆಗೆ, 18 ವರ್ಷ ತುಂಬಿ ಪಾಲನಾಗೃಹವನ್ನು ಬಿಡುವವರಿಗೆ ಧನಸಹಾಯವನ್ನು ಕೊಡಬಹುದು. 2016ರ ಮಾದರಿ ನಿಯಮಗಳು ಈ ಅನಂತರಪಾಲನೆಯನ್ನು 21 ವರ್ಷದ ವರೆಗೆ, ವಿಶೇಷ ಸಂದರ್ಭದಲ್ಲಿ 23ರ ವರೆಗೆ ವಿಸ್ತರಿಸಿವೆ. ಆದರೆ ಶಾಸನವು ಹಣವನ್ನು ಕೊಡಬಲ್ಲುದೇ ಹೊರತು ಬಂಧುತ್ವವನ್ನು ಕೊಡಲಾರದು.

ಎಲ್ಲರೂ ಗವಾಯಿಗಳಾಗಲಾರರು. ಹೊಸಪೇಟೆಯ ಕಾರಖಾನೆಗೆ, ಸಂಡೂರಿನ ಗಣಿಗೆ, ಕಂಪ್ಲಿಯ ಗದ್ದೆಗೆ ದುಡಿಯಹೋಗುವ ಅನಾಥ ತರುಣನಿಗೂ ತರುಣಿಗೂ ಕೈಯಲ್ಲೊಂದು ಕಸುಬು ಬೇಕು. ಬಾಡಿಗೆಯ ಮನೆಗೆ ಜಾಮೀನು ನಿಲ್ಲುವವರು ಬೇಕು. ಜಡ್ಡು ಬಿದ್ದಾಗ ವಿಚಾರಿಸುವವರು, ಮದುವೆಯ ಮಾತಿಗೆ ಕೂಡುವ ಹಿರಿಯರು ಬೇಕು. ಮಠದಿಂದ ಹೊರಟವರು ಹಬ್ಬದ ದಿವಸ ತವರಿಗೆ ಬಂದಂತೆ ಮರಳಿ ಬರುವಂತಿರಬೇಕು.

ದಾಸೋಹವು ಹಸಿದವನಿಗೆ ಅನ್ನವನ್ನು ಕೊಡುವುದು. ಕಾಯಕವು ಅವನನ್ನೇ ಅನ್ನದಾತನನ್ನಾಗಿ ಮಾಡುವುದು. ಇವೆರಡರ ನಡುವಣ ಸೇತುವೆಯನ್ನು ಕಟ್ಟುವುದೇ ಉತ್ಸವವನ್ನಾಚರಿಸುವ ಮಠಗಳಿಗೂ ಸದ್ಭಕ್ತರಿಗೂ ತಕ್ಕುದಾದ ಸೇವೆಯು.